ಕೈಮುಗಿದ ಬೊಂಬೆ: ಒಂದು ಶಾಸ್ತ್ರೀಯ ಜಿಜ್ಞಾಸೆ

ಕೊಳ್ಳೇಗಾಲದಿಂದ ಹನೂರು ಹಾದು ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಹೋಟೆಲ್ ಬಾಗಿಲಿಗೆ ಕೈಮುಗಿದು ನಿಂತ ಹೆಣ್ಣುಬೊಂಬೆಯನ್ನು ನಮ್ಮ ಶಿಲ್ಪಚರಿತ್ರೆ ಕಡೆಗಣಿಸಿದೆ. ಬೇಲೂರಿನ ಮದನಿಕೆಯರ ಮೇಲೆ ಕಪಾಟು ತುಂಬ ಬರೆದ ವಿದ್ವಾಂಸರು ಇವಳ ಕೊರಳಿಗೆ ನೇತುಹಾಕಿದ ‘ಮುದ್ದೆ, ನಾಟಿಕೋಳಿ ಸಾರು ರೆಡಿ’ ಎಂಬ ಶಾಸನವನ್ನು ಓದಿ ನೇರ ಕೈತೊಳೆಯಲು ಹೋಗಿದ್ದಾರೆಯೇ ಹೊರತು ಪಡಿಯಚ್ಚು ತೆಗೆದಿಲ್ಲ. ಆ ಕೊರತೆಯನ್ನು ನೀಗುವುದು ಈ ಪ್ರಬಂಧದ ಉದ್ದೇಶ.

ಮೊದಲು ಲಕ್ಷಣ. ಮಾಧ್ಯಮ ಫೈಬರ್. ತಾಲಮಾನದಿಂದ ಅಳೆದರೆ ಪಂಚತಾಲ. ಗಣಪತಿಗೆ ಸಲ್ಲುವ ಈ ಅಳತೆ ಇವಳಿಗೆ ಹೇಗೆ ಬಂತೆಂದು ಅಚ್ಚು ಹೊಯ್ದವನನ್ನೇ ಕೇಳಬೇಕು. ನಿಲುವು ಸಮಭಂಗ, ತ್ರಿಭಂಗದಲ್ಲಿ ನಿಂತಿದ್ದರೆ ಸೊಂಟ ಪಾರ್ಸೆಲ್ ಕೌಂಟರಿಗೆ ತಾಗುತ್ತಿತ್ತು. ಪ್ರಭಾವಳಿ ಸೀರಿಯಲ್ ಸೆಟ್. ವಾಹನ ಮಾಲೀಕರ ಸ್ಕೂಟರ್. ಮೂಗು ಭಗ್ನ. ಇದಕ್ಕೆ ಪರಕೀಯರ ದಾಳಿ ಕಾರಣವೆಂಬ ವಾದವಿದೆ. ರಿವರ್ಸ್ ತೆಗೆದ ಲಗೇಜ್ ಆಟೋ ಎಂಬ ಪ್ರತ್ಯಕ್ಷದರ್ಶಿಗಳ ಮಾತನ್ನು ವಿದ್ವತ್ಲೋಕ ಇನ್ನೂ ಅಂಗೀಕರಿಸಿಲ್ಲ. ರೇಷ್ಮೆ ಮಗ್ಗಗಳಿಗೆ ಹೆಸರಾದ ಕೊಳ್ಳೇಗಾಲದಲ್ಲಿ ನಿಂತೂ ಇವಳು ಉಟ್ಟಿರುವುದು ಎನಾಮಲ್ ಪೇಂಟಿನ ಸೀರೆ. ಇದನ್ನು ಕಲೆಯ ವೈರಾಗ್ಯ ಎನ್ನಬೇಕೋ ಜಿಪುಣತನ ಎನ್ನಬೇಕೋ, ತೀರ್ಮಾನವಾಗಿಲ್ಲ.

ಶೈಲಿಯ ಪ್ರಶ್ನೆ ಇನ್ನೂ ಜಟಿಲ. ಕೊಳ್ಳೇಗಾಲ 1956ರ ತನಕ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರೋ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಮೈಸೂರಿನ ಸೀಮೆ. ಆದ್ದರಿಂದ ಹಣೆಯ ಕುಂಕುಮ ಮೈಸೂರು ಶೈಲಿ, ಜಡೆಯ ಮೊಳ ಮಲ್ಲಿಗೆ ಮದರಾಸು ಶೈಲಿ ಎಂದು ಒಂದು ಪಂಥ ಸಾಧಿಸುತ್ತದೆ. ಹನೂರು ತಾಲ್ಲೂಕಾದದ್ದೇ ಮೊನ್ನೆ ಮೊನ್ನೆ; ಅದರ ಶೈಲಿಗೆ ಒಸಿ ಕಾಲ ಬೇಕು.

ಮೂಲದ ಬಗ್ಗೆ ನಾವು ಬಹಳ ಊಹಿಸಿದ್ದೆವು. ಎಳನೀರಿನಂಥ ಮಜ್ಜಿಗೆ ಸುರಿಯುತ್ತಿದ್ದ ಸಪ್ಲೈಯರ್ ಎಲ್ಲವನ್ನೂ ಒಂದೇ ಉಸಿರಿಗೆ ಕೆಡಿಸಿದ: “ಅದಾ ಸಾ? ನಮ್ ಓನರ್ ಮಗಳ ಮದ್ವೆಗೆ ಬಾಗ್ಲಲ್ಲಿ ನಿಲ್ಸಕೆ ತಂದಿದ್ದು. ವಾಪಸ್ ತಕ್ಕೋಗಕೆ ಯಾರೂ ಬರ್ನಿಲ್ಲ.” ಮೌಖಿಕ ಆಕರಗಳನ್ನು ಎಚ್ಚರದಿಂದ ಬಳಸಬೇಕೆಂದು ಹಿರಿಯರು ಹೇಳುವುದು ಇದಕ್ಕೇ.

ಈಗ ತೌಲನಿಕ ಅಧ್ಯಯನ. ದಾರಿಯ ಕೊನೆಗೆ, ಬೆಟ್ಟದಲ್ಲಿ, ಹುಲಿಯೇರಿದ ಮಾದಪ್ಪನ 108 ಅಡಿ ಪ್ರತಿಮೆ 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಯಾಯಿತು. ಅದರ ಎದುರು ಸೆಲ್ಫಿ ತೆಗೆಯಲು ನೂರು ಹೆಜ್ಜೆ ಹಿಂದೆ ಸರಿಯಬೇಕು. ಬೊಂಬೆಯಾದರೆ ಹೆಗಲ ಮೇಲೆ ಕೈ ಹಾಕಿಸಿಕೊಳ್ಳುತ್ತದೆ. ಅಮಾವಾಸ್ಯೆಗೆ ಬೆಟ್ಟ ಹತ್ತುವ ಜನಸಾಗರದ ಒಂದು ಪಾಲು ಟಿಫನ್ನಿಗೆ ಇಳಿದು ಇವಳ ಪಕ್ಕ ನಿಂತೇ ಮುಂದೆ ಹೋಗುತ್ತದೆ.

ಇತ್ತ ಯಳಂದೂರಿನ ಗೌರೀಶ್ವರ ದೇವಾಲಯದ ಮಹಾದ್ವಾರವನ್ನು 17ನೇ ಶತಮಾನದಲ್ಲಿ ಹದಿನಾಡಿನ ಪಾಳೆಯಗಾರ ಮುದ್ದುರಾಜ ಕಟ್ಟಿಸಿದ. ಕಲ್ಲಿನಲ್ಲೇ ಬಳೆ ಕಡೆದು, ಒಂದಕ್ಕೊಂದು ಕೋದು, ಮೂಲೆಗಳಲ್ಲಿ ಸರಪಳಿಯಾಗಿ ಇಳಿಬಿಟ್ಟ ಆ ಬಳೆ ಮಂಟಪದ ಗೋಡೆ ತುಂಬ ಶಿಲ್ಪಗಳಿವೆ. ಅದೂ ಬಾಗಿಲೇ, ಅದೂ ಬಂದವರನ್ನು ಬರಮಾಡಿಕೊಳ್ಳಲೆಂದೇ ನಿಂತದ್ದು. ಆದರೆ ಅದರ ಕೊರಳಲ್ಲಿ ನಾಟಿಕೋಳಿ ಸಾರಿನ ಶಾಸನವಿಲ್ಲ. ಜನಾಕರ್ಷಣೆಯಲ್ಲಿ ಮುದ್ದುರಾಜ ಸೋತದ್ದು ಇಲ್ಲೇ ಎಂಬುದು ಪ್ರಬಂಧಕಾರನ ಖಚಿತ ನಿಲುವು.

ಪ್ರಬಂಧದ ಶಿಫಾರಸು ಇಷ್ಟು: ಬೊಂಬೆಯ ಮೂಗಿಗೆ ಒಂದಿಷ್ಟು ಎಂಸೀಲ್ ಹಚ್ಚಿ. ಕೊಳ್ಳೇಗಾಲದಿಂದ ಯಳಂದೂರು ಸುಮಾರು 15 ಕಿಲೋಮೀಟರ್. ಬೆಟ್ಟಕ್ಕೆ ಹೊರಟವರು ಗಾಡಿ ಅತ್ತ ತಿರುಗಿಸಿ ಬಳೆ ಮಂಟಪವನ್ನು ಕಂಡು ಬನ್ನಿ. ಊಟಕ್ಕೆ ಹೇಗೂ ಇಲ್ಲಿಗೇ ಬರುತ್ತೀರಿ.