‘ಮೊದಲು ನಾವು ಶುರು ಮಾಡ್ತೀವಿ, ನಿಯಮ ಹಿಂದಿನಿಂದ ಬರುತ್ತೆ’

(ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರ್. ಪಹಣಿಗೆ ಬಂದವರು ಸಾಲಾಗಿ ಕೂತಿದ್ದಾರೆ. ಸರ್ವರ್ ಬಿಜಿ. ಆ ಬಿಡುವಿನಲ್ಲಿ ಕಂಪ್ಯೂಟರಿನೊಳಗಿನ ಬ್ರೌಸರ್ ಮಾತಿಗೆ ಸಿಕ್ಕಿತು.)

ಪ್ರಶ್ನೆ: ತಮ್ಮ ಪೂರ್ತಿ ಹೆಸರು?

ಬ್ರೌಸರ್: ಬರ್ಕೊಳ್ಳಿ. ಮೊಝಿಲ್ಲಾ 5.0, ಆಪಲ್‌ವೆಬ್‌ಕಿಟ್ 537.36, ಕೆಎಚ್‌ಟಿಎಂಎಲ್, ಗೆಕ್ಕೊ ಥರದವನು, ಕ್ರೋಮ್, ಸಫಾರಿ 537.36.

ಪ್ರಶ್ನೆ: ಇದು ಹೆಸರೋ, ವಂಶವೃಕ್ಷವೋ?

ಬ್ರೌಸರ್: ನಿಜವಾದ ಹೆಸರು ಕ್ರೋಮ್ ಒಂದೇ ಸಾರ್. ಮಿಕ್ಕಿದ್ದೆಲ್ಲ ಬಾಗಿಲು ತೆಗೆಸೋಕೆ. ತೊಂಬತ್ತರ ದಶಕದಲ್ಲಿ ನೆಟ್‌ಸ್ಕೇಪ್ ತನ್ನನ್ನ ಮೊಝಿಲ್ಲಾ ಅಂತ ಹೇಳ್ಕೊಳ್ತಿತ್ತು. ಆ ಹೆಸರು ಹೇಳಿದವರಿಗೆ ಮಾತ್ರ ವೆಬ್‌ಸೈಟುಗಳು ಫ್ರೇಮ್ ಇರೋ ಚಂದದ ಪುಟ ಕೊಡ್ತಿದ್ವು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂದು ‘ನಾನೂ ಮೊಝಿಲ್ಲಾ’ ಅಂತು. ಆಮೇಲೆ ಹುಟ್ಟಿದವರೆಲ್ಲ ಹಾಗೇ ಅಂದ್ರು. ನೆಟ್‌ಸ್ಕೇಪ್ ಸತ್ತು ಎಷ್ಟೋ ಕಾಲವಾಯ್ತು, ಅದರ ಕಾರ್ಡಲ್ಲಿ ನಾವಿನ್ನೂ ರೇಷನ್ ತಗೋತಿದೀವಿ.

ಪ್ರಶ್ನೆ: ನಿಮಗೆ ನಿಯಮ ಮಾಡೋರು ಯಾರು?

ಬ್ರೌಸರ್: 1994ರಲ್ಲಿ ಟಿಮ್ ಬರ್ನರ್ಸ್-ಲೀ ಡಬ್ಲ್ಯುತ್ರೀಸಿ ಅಂತ ಸಂಸ್ಥೆ ಕಟ್ಟಿದ್ರು. ಅಲ್ಲಿನವರು ಎಕ್ಸ್‌ಎಚ್‌ಟಿಎಂಎಲ್ 2 ಅಂತ ಮಡಿ ನಿಯಮ ಬರೀತಾ ಕೂತ್ರು. ಹಳೇ ಪುಟಗಳ ಜೊತೆ ಅದಕ್ಕೆ ಹೊಂದಾಣಿಕೆಯೇ ಇಲ್ಲ. 2004ರಲ್ಲಿ ಆಪಲ್, ಮೊಝಿಲ್ಲಾ, ಒಪೆರಾದವರು ಎದ್ದು ಬಂದು ವಾಟ್‌ವಿಜಿ ಅಂತ ಬೇರೆ ಗುಂಪು ಕಟ್ಟಿದ್ರು. 2009ರಲ್ಲಿ ಮಡಿ ನಿಯಮ ಕೈಬಿಟ್ಟಾಯ್ತು. ಈ ಗುಂಪು ಶುರು ಮಾಡಿದ ಎಚ್‌ಟಿಎಂಎಲ್ 5ಕ್ಕೆ ಡಬ್ಲ್ಯುತ್ರೀಸಿ ಮೊಹರು ಬಿದ್ದಿದ್ದು 2014ರ ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಜನ ನಮ್ಮಲ್ಲಿ ಅದೇ ನಿಯಮದ ವಿಡಿಯೊ ನೋಡ್ತಾ ವರ್ಷಗಳೇ ಆಗಿದ್ವು.

ಪ್ರಶ್ನೆ: ಅಂದರೆ ಅಕ್ರಮ-ಸಕ್ರಮ?

ಬ್ರೌಸರ್: ಹಂಗನ್ಬೇಡಿ! ಈಗ ಒಂದು ಪದ್ಧತಿ ಇದೆ. ವಾಟ್‌ವಿಜಿಯಲ್ಲಿ ಹೊಸದೇನಾದ್ರೂ ಸೇರಿಸ್ಬೇಕಾದ್ರೆ ಕನಿಷ್ಠ ಇಬ್ಬರು ಬ್ರೌಸರಿನವರು ಮಾಡ್ತೀವಿ ಅನ್ಬೇಕು, ಜೊತೆಗೆ ಪರೀಕ್ಷೆಯನ್ನೂ ಬರೀಬೇಕು. ಮೊದಲೆಲ್ಲ ಹೊಸ ವಿದ್ಯೆಯ ಮುಂದೆ ವೆಬ್‌ಕಿಟ್, ಮಾಝ್ ಅಂತ ಗುರುತು ಹಾಕಿ ‘ಪ್ರಯೋಗಕ್ಕೆ ಮಾತ್ರ’ ಅಂತಿದ್ವಿ. ಜನ ಅದನ್ನೇ ವ್ಯಾಪಾರದ ಸೈಟುಗಳಿಗೂ ಹಾಕಿಬಿಟ್ರು. ಐಫೋನ್ ಗೆದ್ದಿದ್ದೇ ಎಲ್ಲಿ ನೋಡಿದ್ರೂ ಅದರ ವೆಬ್‌ಕಿಟ್ ಗುರುತೇ. 2016ರಲ್ಲಿ ಫೈರ್‌ಫಾಕ್ಸೂ ಸೋತು, ಎದುರಾಳಿಯ ಗುರುತು ಓದೋದನ್ನ ಕಲೀತು.

ಪ್ರಶ್ನೆ: ಒಗ್ಗಟ್ಟಾಗಿ ಮಾಡಿದ್ದು ಏನೂ ಇಲ್ವಾ?

ಬ್ರೌಸರ್: ಇದೆ. ಪುಟವನ್ನ ಅಡ್ಡಸಾಲು, ಉದ್ದಸಾಲಿನ ಚೌಕಗಳಲ್ಲಿ ಜೋಡಿಸೋ ಸಿಎಸ್‌ಎಸ್ ಗ್ರಿಡ್. ಗುರುತಿಲ್ಲದೆ, ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರರಲ್ಲೂ 2017ರ ಮಾರ್ಚ್ ಒಂದೇ ತಿಂಗಳಲ್ಲಿ ಬಂತು.

ಪ್ರಶ್ನೆ: ಹೊಸಬರು ಬಂದ್ರೆ ನಾವು ಏರಿ ಮೇಲಿನ ಕುರಿಮರಿ ಅನ್ನೋ ನಾಲಿಗೆ ತೊಡರೋ ಸಾಲನ್ನ ಹತ್ತು ಸಲ ಹೇಳಿಸ್ತೀವಿ. ನಿಮಗೂ ಅಂಥ ಪರೀಕ್ಷೆ ಉಂಟಾ?

ಬ್ರೌಸರ್: 2005ರಲ್ಲಿ ಆಸಿಡ್2 ಅಂತ ಇತ್ತು. ನಿಯಮ ಸರಿಯಾಗಿ ಓದಿದವರ ಪರದೆ ಮೇಲೆ ಹಳದಿ ನಗುಮುಖ. ತಪ್ಪಿದ್ರೆ ಕಣ್ಣೊಂದು ಕಡೆ, ಮೂಗೊಂದು ಕಡೆ. ಈಗ 2022ರಿಂದ ವರ್ಷಾವರ್ಷ ಇಂಟರಾಪ್ ಅಂತ ನಡೆಯುತ್ತೆ. ಯಾರಿಗೆ ಎಷ್ಟು ಅಂಕ ಅಂತ ಊರಿಗೆಲ್ಲ ಕಾಣುತ್ತೆ.

ಪ್ರಶ್ನೆ: ಹಳೇದನ್ನ ತೆಗೆದು ಹಾಕಲ್ವಾ?

ಬ್ರೌಸರ್: ತೆಗೆದ್ರೆ ಯಾರದೋ ಪುಟ ಮುರಿಯುತ್ತೆ. ಇಲಾಖೆ ಪುಟಗಳಲ್ಲಿ ಬಲದಿಂದ ಎಡಕ್ಕೆ ಓಡೋ ಪ್ರಕಟಣೆ ನೋಡಿದೀರಲ್ಲ, ಆ ಮಾರ್ಕಿ? ‘ಬಳಸಕೂಡದು’ ಅಂತ ನಿಯಮದಲ್ಲೇ ಇದೆ. ಹೇಗೆ ಓಡಿಸ್ಬೇಕು ಅಂತಲೂ ಅದರಲ್ಲೇ ಇದೆ! 2018ರಲ್ಲಿ ಜಾವಾಸ್ಕ್ರಿಪ್ಟ್‌ಗೆ ‘ಫ್ಲಾಟನ್’ ಅಂತ ಹೊಸ ಆಜ್ಞೆ ತರೋಕೆ ಹೊರಟ್ರು. ಮೂಟೂಲ್ಸ್ ಅನ್ನೋ ಹಳೇ ಸರಂಜಾಮು ಆ ಹೆಸರನ್ನ ಆಗಲೇ ಹಿಡ್ಕೊಂಡಿತ್ತು. ಹಳೇ ಸೈಟು ಕೆಡ್ತು. ಹೊಸಬನೇ ‘ಫ್ಲಾಟ್’ ಅಂತ ಹೆಸರು ಮೊಟಕು ಮಾಡ್ಕೊಂಡ.

ಪ್ರಶ್ನೆ: ಕನ್ನಡದ ಸರದಿ ಯಾವಾಗ ಬಂತು?

ಬ್ರೌಸರ್: ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ತುಂಗಾ ಫಾಂಟು ಹೊತ್ತು ವಿಂಡೋಸ್ ಎಕ್ಸ್‌ಪಿ ಬಂದಿದ್ದು 2001ರಲ್ಲಿ. ಆ ಹತ್ತು ವರ್ಷದ ನಡುವೆ ಎಕ್ಸ್‌ಪ್ಲೋರರ್‌ಗೆ ಒಂದು ಜಾತಿ ಫಾಂಟು, ನೆಟ್‌ಸ್ಕೇಪ್‌ಗೆ ಇನ್ನೊಂದು ಜಾತಿ. ತಪ್ಪು ಬಾಗಿಲಿಗೆ ಹೋದ ಓದುಗನಿಗೆ ಕಂಡಿದ್ದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ನಿಯಮ ಇದ್ದರೆ ಸಾಲದು ಸಾರ್, ನಾವು ಮನಸ್ಸು ಮಾಡ್ಬೇಕು.

ಪ್ರಶ್ನೆ: ಎಕ್ಸ್‌ಪ್ಲೋರರ್ ಅಜ್ಜ ಈಗ ಹೇಗಿದಾರೆ?

ಬ್ರೌಸರ್: 2022ರ ಜೂನ್ 15ಕ್ಕೆ ನಿವೃತ್ತಿ. ಆದ್ರೂ ಎಡ್ಜ್ ಮನೆಯೊಳಗೆ ‘ಐಇ ಮೋಡ್’ ಅಂತ ಒಂದು ಕುರ್ಚಿ ಉಳ್ಕೊಂಡಿದೆ. ಕಡೇಪಕ್ಷ 2029ರವರೆಗೆ ಇರುತ್ತೆ ಅಂತ ಮೈಕ್ರೋಸಾಫ್ಟೇ ಹೇಳಿದೆ. ಅವರಿಲ್ಲದೆ ನಡೆಯದ ಕಚೇರಿಗಳಿದಾವೆ.

ಪ್ರಶ್ನೆ: ಹಾಗಾದ್ರೆ ಹೊಸ ನಿಯಮ ಪೂರ್ತಿ ಜಾರಿಯಾಯ್ತು ಅನ್ನೋದು ಯಾವಾಗ?

ಬ್ರೌಸರ್: ಯಾವುದೋ ಇಲಾಖೆಯ ಪುಟದ ಬುಡದಲ್ಲಿ ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಉತ್ತಮವಾಗಿ ಕಾಣುತ್ತದೆ’ ಅನ್ನೋ ಸಾಲು ಇನ್ನೂ ಇದೆಯಲ್ಲ, ಅದನ್ನ ಅಳಿಸಿದ ದಿನ.

ಪ್ರಶ್ನೆ: ಒಂದು ಸಾಲು ತಾನೇ, ಅಳಿಸೋಕೇನು?

ಬ್ರೌಸರ್: ಟೆಂಡರ್ ಕರೀಬೇಕಂತೆ. ಅರ್ಜಿ ಆನ್‌ಲೈನ್‌ನಲ್ಲೇ ಹಾಕ್ಬೇಕು, ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ.