ಅಮೆರಿಕ ಪ್ರಯಾಣದ ಪಟ್ಟಿ: ಪಾಠಾಂತರ, ಪ್ರಕ್ಷೇಪ, ಕರ್ತೃತ್ವ ವಿಚಾರ

ಪಂಪ, ರನ್ನ, ಜನ್ನರ ಓಲೆಗರಿಗಳನ್ನು ಮುಂದಿಟ್ಟುಕೊಂಡು ಲಿಪಿಕಾರ ಎಲ್ಲಿ ತೂಕಡಿಸಿದ, ಯಾವ ಪದ್ಯವನ್ನು ಯಾರು ನಡುವೆ ತುರುಕಿದರು, ಮೂಲದಲ್ಲಿ ಏನಿತ್ತು ಎಂದು ನಮ್ಮ ವಿದ್ವಾಂಸರು ಕಣ್ಣು ಸವೆಸಿದ್ದಾರೆ. ಆ ಕೆಲಸದ ಕ್ರಮವನ್ನು ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಎಂಬ ಪುಸ್ತಕವನ್ನೇ ಬರೆದು ಕಲಿಸಿಕೊಟ್ಟಿದ್ದಾರೆ. ಇಷ್ಟಾದರೂ ಸಮಕಾಲೀನ ಕನ್ನಡದ ಪ್ರಮುಖ ಪ್ರಕಾರವೊಂದು ಸಂಪಾದಕರ ಕಣ್ಣಿಗೆ ಬಿದ್ದಿಲ್ಲ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಪರದೇಶಕ್ಕೆ ಹೊರಟ ಮನೆಯಲ್ಲಿ ಹುಟ್ಟುವ ಸಾಮಾನಿನ ಪಟ್ಟಿಯೇ ಅದು. ಗದ್ಯವೂ ಅಲ್ಲದ, ಪದ್ಯವೂ ಅಲ್ಲದ ಈ ಪ್ರಕಾರದಲ್ಲಿ ನವರಸಗಳೂ ಇವೆ. ಭಯಾನಕ ಮಾತ್ರ ತುಸು ಜಾಸ್ತಿ.

ಪ್ರಸ್ತುತ ಅಧ್ಯಯನಕ್ಕೆ ಆಧಾರ ಬಸವನಗುಡಿಯ ಒಂದು ಮನೆ. ಪ್ರಯಾಣಿಕರು ನಾಲ್ವರು: ತಂದೆ, ತಾಯಿ, ಮೂರು ವರ್ಷದ ಮಗಳು, ಹತ್ತು ತಿಂಗಳ ಮಗ. ಹೋಗಬೇಕಾದದ್ದು ಕ್ಯಾಲಿಫೋರ್ನಿಯಾಕ್ಕೆ, ತಾಯಿಯ ಅಕ್ಕನ ಮನೆಗೆ. ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ. ಪಟ್ಟಿಯನ್ನು ಬರೆಯುವವರು ಹೊರಡುವವರೇ ಆದರೂ ಅದನ್ನು ಬೆಳೆಸುವವರು ಉಳಿಯುವವರು ಎಂಬುದೇ ಈ ಪ್ರಬಂಧದ ಪ್ರತಿಪಾದನೆ. ಇದನ್ನು ಒಪ್ಪದ ವಿದ್ವಾಂಸರು ಮುಂದಿನ ಸಾಕ್ಷ್ಯಗಳನ್ನು ಗಮನಿಸಬೇಕು.

ಪೀಠಿಕಾಸಂಧಿ

ಯಾವ ಪಟ್ಟಿಗೂ ಮೊದಲು ಕಾಗದಪತ್ರಗಳ ಕಾಂಡ ಒಂದಿರುತ್ತದೆ. ಹತ್ತು ತಿಂಗಳ ಕೂಸಿಗೂ ಸ್ವಂತ ಪಾಸ್‌ಪೋರ್ಟ್ ಬೇಕು. ಅದಕ್ಕೆ ಐದು ವರ್ಷ ಆಯಸ್ಸು. ಅಷ್ಟು ಹೊತ್ತಿಗೆ ಕೂಸಿಗೆ ಆರು ಸಮೀಪಿಸಿರುತ್ತದೆ, ಚಿತ್ರದಲ್ಲಿರುವುದು ಇವನೇ ಎಂದು ಹೆತ್ತವರೂ ಪ್ರಮಾಣ ಮಾಡಿ ಹೇಳಲಾರರು. ಫೋಟೊಗೆ ಹಿಂಬದಿ ಬಿಳಿ ಇರಬೇಕು, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಹಿಡಿದುಕೊಂಡವರ ಕೈ ಕಾಣಬಾರದು. ಈ ನಾಲ್ಕು ಷರತ್ತುಗಳು ಒಂದೇ ಕ್ಷಣದಲ್ಲಿ ಕೂಡಿಬರುವುದು ಗ್ರಹಣದಷ್ಟು ಅಪರೂಪ. ನಮ್ಮ ಅಧ್ಯಯನದ ಮನೆಯಲ್ಲಿ ಅಜ್ಜನ ಹೊಸ ಮಲ್ಲುಪಂಚೆಯನ್ನು ಮಂಚದ ಮೇಲೆ ಹಾಸಿ, ಮಗುವನ್ನು ಅದರ ಮೇಲೆ ಮಲಗಿಸಿ, ತಂದೆ ಕುರ್ಚಿ ಹತ್ತಿ ಮೇಲಿನಿಂದ ಕ್ಲಿಕ್ಕಿಸಿದ. ಮಗು ಮೊದಲು ಪಂಚೆಯನ್ನು ಒದ್ದೆ ಮಾಡಿತು, ಆಮೇಲೆ ಸರಿಯಾಗಿ ನೋಡಿತು. ದಾಖಲೆಗೆ ಸೇರಿದ್ದು ಆ ನೆಮ್ಮದಿಯ ಮುಖ.

ಇದಕ್ಕಿಂತ ಗಂಭೀರವಾದದ್ದು ಡಿಎಸ್-160 ಎಂಬ ವೀಸಾ ಅರ್ಜಿ. ಹಾಲುಹಲ್ಲು ಪೂರ್ತಿ ಮೂಡದ ಅಭ್ಯರ್ಥಿಯೂ ಇದರಲ್ಲಿ ತಾನು ಗೂಢಚರ್ಯೆಗೆ ಹೋಗುತ್ತಿಲ್ಲ, ಭಯೋತ್ಪಾದಕ ಸಂಘಟನೆಯ ಸದಸ್ಯನಲ್ಲ, ನರಮೇಧದಲ್ಲಿ ಪಾಲ್ಗೊಂಡಿಲ್ಲ ಎಂದು ಹೇಳಬೇಕು. ತಾಯಿ ಒಂದೊಂದಕ್ಕೂ ‘ಇಲ್ಲ’ ಒತ್ತುತ್ತಾ ಹೋದಳು. ಪಕ್ಕದಲ್ಲಿ ಕೂತಿದ್ದ ಮಗಳು ತಮ್ಮನ ಮೇಲೆ ತನಗಿರುವ ಆಕ್ಷೇಪಗಳನ್ನೂ ಸೇರಿಸಬೇಕೆಂದು ಹಠ ಹಿಡಿದಳು. ಅರ್ಜಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಪ್ರತಿಗಳು

ಪಟ್ಟಿಗೆ ನಾಲ್ಕು ಪ್ರತಿಗಳು ದೊರೆತಿವೆ. ‘ಅ’ ಪ್ರತಿ ತಾಯಿಯ ಕೈಬರಹದ್ದು. ಫ್ರಿಜ್ಜಿನ ಬಾಗಿಲಿಗೆ ಗಣಪತಿಯ ಮ್ಯಾಗ್ನೆಟ್ಟಿನಿಂದ ಅಂಟಿಸಿದೆ, ಎಡಭಾಗದಲ್ಲಿ ದೋಸೆಹಿಟ್ಟಿನ ಕಲೆಯಿಂದ ಅಕ್ಷರಗಳು ನಷ್ಟವಾಗಿವೆ. ‘ಆ’ ಪ್ರತಿ ವಾಟ್ಸಾಪ್ ಗುಂಪಿನದು. ಅದು ಅಮೆರಿಕದ ದೊಡ್ಡಮ್ಮನ ‘ಏನೂ ತರಬೇಡಿ, ಇಲ್ಲಿ ಎಲ್ಲಾ ಸಿಗುತ್ತೆ’ ಎಂಬ ಮಂಗಳಾಚರಣೆಯೊಂದಿಗೆ ಆರಂಭವಾಗಿ, ಆಕೆಯೇ ಬರೆದ ‘ಹಾಗೇ ಬರೋವಾಗ’ ಎಂದು ಶುರುವಾಗುವ ಮೂವತ್ತು ಸಂದೇಶಗಳಲ್ಲಿ ವಿಸ್ತಾರಗೊಳ್ಳುತ್ತದೆ. ‘ಇ’ ಪ್ರತಿ ತಂದೆಯ ಎಕ್ಸೆಲ್ ಹಾಳೆ. ಬಣ್ಣಬಣ್ಣದ ಕಾಲಂಗಳಿವೆ, ಫಾರ್ಮುಲಾಗಳಿವೆ. ಅವನ ಹೊರತು ಬೇರೆ ಯಾರೂ ತೆರೆದ ಕುರುಹಿಲ್ಲ. ‘ಈ’ ಪ್ರತಿ ಅಜ್ಜಿಯದು, ಸಂಪೂರ್ಣ ಮೌಖಿಕ ಪರಂಪರೆ. ದಿನಾ ಬೆಳಗಿನ ಕಾಫಿಯ ಹೊತ್ತಿಗೆ ಅದರ ಪರಿಷ್ಕೃತ ಆವೃತ್ತಿ ಹೊರಬೀಳುತ್ತದೆ, ಹಿಂದಿನ ಆವೃತ್ತಿಯಿಂದ ಏನನ್ನೂ ತೆಗೆದಿರುವುದಿಲ್ಲ.

ಕರ್ತೃ ಯಾರು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ವಿದ್ವಾಂಸರು ಜಗಳವಾಡಿದ್ದು ಎಲ್ಲರಿಗೂ ಗೊತ್ತು. ಬರೆದವನು ಶ್ರೀವಿಜಯ, ನೃಪತುಂಗ ಅನುಮತಿ ಕೊಟ್ಟವನು ಎಂಬಲ್ಲಿಗೆ ಬಹುಮಂದಿ ಸಮಾಧಾನಪಟ್ಟುಕೊಂಡಿದ್ದಾರೆ. ಅದೇ ನ್ಯಾಯದಂತೆ ‘ಅ’ ಪ್ರತಿಯ ಕೈಬರಹ ಸೊಸೆಯದೇ ಆದರೂ ಕೃತಿಯನ್ನು ‘ಅತ್ತೆದೇವಾನುಮತ’ ಎಂದು ಕರೆಯುವುದೇ ಸಾಧು.

ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರ ಎಂಬುದು ಸಂಪಾದಕರ ಹಳೆಯ ಸೂತ್ರ. ಲಿಪಿಕಾರ ಕಷ್ಟದ್ದನ್ನು ಸುಲಭ ಮಾಡಿಯಾನೇ ಹೊರತು ಸುಲಭದ್ದನ್ನು ಕಷ್ಟ ಮಾಡುವುದಿಲ್ಲ. ಈ ಸೂತ್ರವನ್ನು ಅರಿಯದೆ ಆದ ಅನಾಹುತಕ್ಕೆ ನಮ್ಮಲ್ಲಿ ಉದಾಹರಣೆಯಿದೆ. ‘ಅ’ ಪ್ರತಿಯಲ್ಲಿ ಒಂದು ಸಾಲು: ‘ಮೊಲ — ಕೈಚೀಲಕ್ಕೆ.’ ತಂದೆ ಇದನ್ನು ಎಕ್ಸೆಲ್ಲಿಗೆ ಇಳಿಸುವಾಗ, ದೋಸೆಹಿಟ್ಟು ಒಂದಕ್ಷರವನ್ನು ನುಂಗಿದೆ ಎಂದು ಭಾವಿಸಿ ‘ಮೊಬೈಲ್ — ಕೈಚೀಲಕ್ಕೆ’ ಎಂದು ತಿದ್ದಿದ. ಮೊಲವೆಂದರೆ ಒಂದು ಕಿವಿ ಕಿತ್ತುಹೋಗಿ, ಇನ್ನೊಂದನ್ನು ಮಗಳು ಬಾಯಲ್ಲಿಟ್ಟುಕೊಂಡು ನಿದ್ದೆಹೋಗುವ ಬಟ್ಟೆಯ ಗೊಂಬೆ. ಅದು ಎರಡು ಉಪ್ಪಿನಕಾಯಿ ಬಾಟಲಿಗಳ ನಡುವೆ ಒಡೆಯದಂತೆ ಒತ್ತು ಕೊಡಲು ದೊಡ್ಡ ಸೂಟ್‌ಕೇಸಿನ ತಳ ಸೇರಿತು. ಪಾಠದೋಷ ಬೆಳಕಿಗೆ ಬಂದದ್ದು ಸೂಟ್‌ಕೇಸು ದೇವನಹಳ್ಳಿಯ ವಿಮಾನ ನಿಲ್ದಾಣದ ಬೆಲ್ಟಿನ ಮೇಲೆ ಸಾಗಿ ರಬ್ಬರಿನ ಪರದೆಯ ಹಿಂದೆ ಮರೆಯಾದ ಮೇಲೆ. ಸ್ಯಾನ್ ಫ್ರಾನ್ಸಿಸ್ಕೊ ಅಲ್ಲಿಂದ ಸುಮಾರು 14,000 ಕಿಲೋಮೀಟರ್.

ಪ್ರಕ್ಷೇಪಗಳು

ಮೂಲಪಾಠ ಚಿಕ್ಕದು: ಡೈಪರ್, ಬದಲಿ ಬಟ್ಟೆ, ಜ್ವರದ ಔಷಧಿ, ಓಆರೆಸ್ಸು, ಹಾಲಿನ ಬಾಟಲಿ. ಉಳಿದದ್ದೆಲ್ಲ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೈ ಸೇರಿಸಿದ್ದು. ಇವುಗಳಲ್ಲಿ ಕೊಬ್ಬರಿಗೆ ಅಗ್ರಸ್ಥಾನ.

ಅಜ್ಜಿಯ ತೌರು ತಿಪಟೂರು ಸೀಮೆ. ಕೊಬ್ಬರಿ ಗಿಟುಕಿಲ್ಲದೆ ಮಗಳ ಮನೆಗಾಗಲಿ ಮಠಕ್ಕಾಗಲಿ ಹೋದವರಲ್ಲ. ಆದರೆ ಅಪಾಯಕಾರಿ ಸರಕುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ಯುಎನ್ 1363 ಎಂಬ ಸಂಖ್ಯೆಯಿದೆ, 4.2 ಎಂಬ ವರ್ಗವಿದೆ. ಅಂದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು. ಎಣ್ಣೆಯಂಶ ತುಂಬಿರುವುದರಿಂದ ಈ ಗೌರವ. ಅನೇಕ ವಿಮಾನ ಸಂಸ್ಥೆಗಳ ನಿಷಿದ್ಧ ಪಟ್ಟಿಯಲ್ಲಿ ಅದು ಪಟಾಕಿಯ ಪಂಕ್ತಿಯಲ್ಲೇ ಕೂರುತ್ತದೆ. ತಂದೆ ಇದನ್ನು ಮೊಬೈಲಿನಲ್ಲಿ ತೋರಿಸಿದಾಗ ಅಜ್ಜಿ ಮಂಡಿಸಿದ ಪೂರ್ವಪಕ್ಷ ಹೀಗಿದೆ: ‘ಮದುವೆಯಾಗಿ ಬಂದಾಗಿನಿಂದ ಒಲೆ ಪಕ್ಕದ ಡಬ್ಬದಲ್ಲೇ ಇಟ್ಟಿದೀನಿ. ಒಂದು ದಿನ ಹೊತ್ಕೊಂಡಿಲ್ಲ. ನಿಮ್ಮಪ್ಪ ಹೊತ್ಕೊಂಡಿದಾರೆ, ಕೊಬ್ಬರಿ ಹೊತ್ಕೊಂಡಿಲ್ಲ.’ ಕೊನೆಗೆ ರಾಜಿಯಾಯಿತು. ಗಿಟುಕುಗಳನ್ನು ತುರಿದು, ಹುರಿದು, ಬೇಳೆ ಮೆಣಸಿನಕಾಯಿಯ ಜೊತೆ ಕುಟ್ಟಿ ಚಟ್ನಿಪುಡಿ ಮಾಡಲಾಯಿತು. ಪುಡಿಯಾದ ಕೊಬ್ಬರಿಗೆ ಯಾವ ನಂಬರೂ ಅಂಟುವುದಿಲ್ಲ ಎಂಬುದು ಅಜ್ಜಿಯ ಸಿದ್ಧಾಂತ.

ಆದರೆ ಪುಡಿಗೂ ಸುಖವಿಲ್ಲ. 2018ರ ಜೂನ್ 30ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರಿಗೆ ಮೀರಿದ ಪುಡಿಯನ್ನು ಕೈಚೀಲದಲ್ಲಿಟ್ಟರೆ ಹೆಚ್ಚಿನ ತಪಾಸಣೆ. ಸಾರಿನಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟು, ಹುರಿಹಿಟ್ಟು, ವಾಂಗೀಭಾತಿನ ಪುಡಿ ಎಂದು ಬದುಕನ್ನೇ ಕುಟ್ಟಿ ಡಬ್ಬಕ್ಕೆ ತುಂಬಿಟ್ಟುಕೊಂಡಿರುವ ಜನಾಂಗದ ಮೇಲೆ ಇದಕ್ಕಿಂತ ನೇರವಾದ ದಾಳಿಯನ್ನು ಊಹಿಸುವುದು ಕಷ್ಟ. ಎಲ್ಲವೂ ದೊಡ್ಡ ಸೂಟ್‌ಕೇಸಿಗೆ ಹೋದವು. ಇಂಗಿನ ಡಬ್ಬಿಯನ್ನು ಮೂರು ಕವರಿನೊಳಗೆ ಕಟ್ಟಿದರೂ ಮಗನ ಸ್ವೆಟರು ಇಂದಿಗೂ ಒಗ್ಗರಣೆಯ ವಾಸನೆ ಹೊಡೆಯುತ್ತದೆಂದು ದೊಡ್ಡಮ್ಮನ ಟಿಪ್ಪಣಿ. ಹಸಿ ಕರಿಬೇವಿನ ಮೇಲೆ ವಾದವೇ ಇಲ್ಲ: ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಜಿಗಿಹುಳು ಅದರಲ್ಲೂ ಬದುಕುವುದರಿಂದ ಅಮೆರಿಕ ಎಲೆಯನ್ನು ಒಳಗೆ ಬಿಡುವುದಿಲ್ಲ. ಕ್ಯಾಲಿಫೋರ್ನಿಯಾ ಮೊದಲೇ ಕಿತ್ತಳೆ ತೋಟಗಳ ಸೀಮೆ.

ರಾಗಿಸರಿಯ ಹಿಟ್ಟನ್ನು ಮಾತ್ರ ಪ್ರಕ್ಷಿಪ್ತವೆನ್ನಲು ಈ ಲೇಖಕರು ಒಪ್ಪುವುದಿಲ್ಲ. ಹಾಗೆನ್ನುವ ಸಂಪಾದಕ ಪಾಂಡಿತ್ಯದಲ್ಲಿ ದೊಡ್ಡವನಿರಬಹುದು, ರಾತ್ರಿ ಎರಡು ಗಂಟೆಗೆ ಹಸಿದ ಕೂಸನ್ನು ಎತ್ತಿಕೊಂಡವನಲ್ಲ. ಹೊತ್ತಿನ ಅಂತರ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಇರುವ ಊರಿನಲ್ಲಿ ಆ ರಾತ್ರಿ ಎರಡು ಗಂಟೆ ನಿತ್ಯ ಬರುತ್ತದೆ.

ಇನ್ನು ಸಾಣೆಕಲ್ಲು. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸಲು ಕಲ್ಲು ಬೇಕು. ಅಂಗೈ ಅಗಲದ್ದು, ಮೂರು ತಲೆಮಾರು ತೇಯ್ದು ನಡುವೆ ಹಳ್ಳಬಿದ್ದದ್ದು. ‘ಅಮೆರಿಕದಲ್ಲಿ ಕಲ್ಲು ಸಿಗಲ್ವಾ?’ ಎಂದು ತಂದೆ ಕೇಳಿದ. ‘ಸಿಗುತ್ತೆ. ಇದು ಸಿಗುತ್ತಾ?’ ಎಂಬ ಮರುಪ್ರಶ್ನೆಗೆ ಯಾವ ವ್ಯಾಖ್ಯಾನಕಾರನೂ ಉತ್ತರಿಸಿಲ್ಲ. ‘ಅ’ ಪ್ರತಿಯ ಅಂಚಿನಲ್ಲಿ ‘ಕಲ್ಲು!!’ ಎಂದು ಎರಡು ಉದ್ಗಾರ ಚಿಹ್ನೆಗಳೊಂದಿಗೆ ಅದು ಸೇರಿಕೊಂಡಿತು. ಆ ಚಿಹ್ನೆಗಳು ಸೊಸೆಯವು.

ತಕ್ಕಡಿ

ನಿಜವಾದ ಸಂಪಾದಕನ ಹೆಸರು 23. ಅಮೆರಿಕದ ದಾರಿಯಲ್ಲಿ ಸಾಮಾನ್ಯವಾಗಿ ಸೀಟು ಕೊಂಡ ಒಬ್ಬೊಬ್ಬರಿಗೂ 23 ಕಿಲೊದ ಎರಡು ಪೆಟ್ಟಿಗೆಗಳು. ಹೀಗೆ ಹದಿನಾಲ್ಕು ಕಿಲೊ ತೂಗುವ ಮಗಳು 46 ಕಿಲೊ ಆಸ್ತಿಗೆ ಒಡತಿ. ಎರಡು ವರ್ಷ ತುಂಬದ ಮಡಿಲ ಮಗುವಿಗೆ ಟಿಕೆಟ್ಟು ದೊಡ್ಡವರದರಲ್ಲಿ ಹತ್ತರಲ್ಲೊಂದು ಪಾಲಿನಷ್ಟು, ಸೀಟಿಲ್ಲ. ಆದರೂ ಅನೇಕ ಸಂಸ್ಥೆಗಳು ಅದರ ಹೆಸರಿಗೂ ಒಂದಿಷ್ಟು ತೂಕ ಬರೆಯುತ್ತವೆ. ನಮ್ಮ ಮನೆಯಲ್ಲಿ ಉಪ್ಪಿನಕಾಯಿಯಷ್ಟೂ ಕೂಸಿನ ಖಾತೆಗೆ ಹೋಯಿತು.

ತೂಗುವ ವಿಧಾನ ಹೀಗೆ. ಬಚ್ಚಲುಮನೆಯ ತಕ್ಕಡಿಯ ಮೇಲೆ ಮೊದಲು ತಂದೆ ಬರಿಗೈಯಲ್ಲಿ ನಿಲ್ಲಬೇಕು, ಆಮೇಲೆ ಪೆಟ್ಟಿಗೆ ಎತ್ತಿಕೊಂಡು ನಿಲ್ಲಬೇಕು, ಎರಡನೆಯದರಿಂದ ಮೊದಲನೆಯದನ್ನು ಕಳೆಯಬೇಕು. ಇದರ ಅನಿರೀಕ್ಷಿತ ಫಲವೆಂದರೆ ತಂದೆ ಅದುವರೆಗೆ ‘ಎಪ್ಪತ್ತೈದರ ಹತ್ತಿರ’ ಎಂದು ಹೇಳಿಕೊಂಡು ಬಂದಿದ್ದ ತೂಕ ಸಭೆಯೆದುರು 83 ಎಂದು ಸ್ಥಾಪಿತವಾದದ್ದು. ತಕ್ಕಡಿಯೇ ಕೆಟ್ಟಿದೆ ಎಂದು ಅವನು ವಾದಿಸಿದ. ಹಾಗಿದ್ದರೆ ಪೆಟ್ಟಿಗೆಯೂ ಎಂಟು ಕಿಲೊ ಹಗುರವಾಗಿರಬೇಕಲ್ಲ, ಇನ್ನೊಂದಿಷ್ಟು ಹಿಡಿಸುತ್ತದೆ ಎಂದು ಅಜ್ಜಿ ಅವಲಕ್ಕಿಯ ಪೊಟ್ಟಣ ತಂದರು. ಗಣಿತ ಅಲ್ಲಿಗೆ ನಿಂತಿತು.

ನಿಲ್ದಾಣದ ತಕ್ಕಡಿ ಎರಡನೆಯ ಪೆಟ್ಟಿಗೆಗೆ 24.6 ತೋರಿಸಿತು. ಹೊಳೆಯುವ ನೆಲದ ಮೇಲೆ ಅದನ್ನು ಬಿಚ್ಚಬೇಕಾಯಿತು. ಹಿಂದಿನ ಸಾಲಿನವರೆಲ್ಲ ಒಂದು ಕನ್ನಡ ಸಂಸಾರದ ಒಳಪುಟಗಳನ್ನು ಓದಿದರು. ತಂದೆ ಎರಡು ಜಾಕೆಟ್ಟುಗಳನ್ನು ಒಂದರ ಮೇಲೊಂದು ತೊಟ್ಟು, ಕಲ್ಲನ್ನು ಜೇಬಿಗಿಳಿಸಿದ. ತಪಾಸಣೆಯಲ್ಲಿ ಕೂಸಿನ ಹಾಲಿಗೆ ತೊಂದರೆಯಾಗಲಿಲ್ಲ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಬಯಲಾದ ಸಂಚಿನಿಂದ ಹುಟ್ಟಿದ 100 ಮಿಲಿಲೀಟರಿನ ಕಟ್ಟಳೆಯಲ್ಲೂ ಮಗುವಿನ ಆಹಾರಕ್ಕೆ ವಿನಾಯಿತಿಯಿದೆ, ತುಪ್ಪಕ್ಕಿಲ್ಲ. ಕಲ್ಲು ಮಾತ್ರ ಎಕ್ಸ್‌ರೇಯಲ್ಲಿ ಕಪ್ಪಗೆ ಕಂಡಿತು. ತಪಾಸಣೆಯ ಹೆಣ್ಣುಮಗಳು ಅದನ್ನು ಹೊರಳಿಸಿ ನೋಡಿದಳು, ಹಳ್ಳದಲ್ಲಿ ಹೆಬ್ಬೆರಳು ಆಡಿಸಿದಳು, ಕೂಸಿನ ಮುಖ ನೋಡಿದಳು. ತೋರುಬೆರಳನ್ನು ನಾಲಗೆಗೆ ಮುಟ್ಟಿಸಿ ‘ಇದಕ್ಕಾ?’ ಎಂಬಂತೆ ಹುಬ್ಬೇರಿಸಿದಳು. ತಾಯಿ ತಲೆಯಾಡಿಸಿದಳು. ಕಲ್ಲು ಪಾರಾಯಿತು.

ವಿಮಾನದ ಒಳಗಿನದು ಬೇರೆ ಶಾಸ್ತ್ರ; ಪಟ್ಟಿಗೆ ಸಂಬಂಧಿಸಿದಷ್ಟನ್ನೇ ಹೇಳುತ್ತೇವೆ. ಗೋಡೆಗೆ ಸಿಕ್ಕಿಸುವ ತೊಟ್ಟಿಲಿಗಾಗಿ ತಂದೆ ಮುಂಚೆಯೇ ಫೋನು ಮಾಡಿ ಮುಂದಿನ ಸಾಲು ಹಿಡಿದಿದ್ದ. ಸೀಟುಬೆಲ್ಟಿನ ದೀಪ ಹೊತ್ತಿದಾಗಲೆಲ್ಲ ಮಗುವನ್ನು ಅದರಿಂದ ಎತ್ತಿಕೊಳ್ಳಬೇಕೆಂಬ ನಿಯಮವನ್ನು ಫೋನಿನಲ್ಲಿ ಯಾರೂ ಹೇಳಿರಲಿಲ್ಲ. ಹಾರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು, ಅಂದರೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿ. ಇಳಿಯುವಾಗ ಕಿವಿ ಕಟ್ಟುತ್ತದೆ, ಏನನ್ನಾದರೂ ಚೀಪಿದರೆ ಬಿಡುತ್ತದೆ. ಕೂಸಿಗೆ ಹಾಲಿತ್ತು. ಮಗಳು ಚೀಪುವುದು ಮೊಲದ ಕಿವಿಯನ್ನು, ಮೊಲ ಕೆಳಗಿನ ಅಂತಸ್ತಿನಲ್ಲಿ ಮಿಡಿ ಉಪ್ಪಿನಕಾಯಿಯ ಜೊತೆ. ಕೊನೆಗೆ ತಂದೆಯ ಜಾಕೆಟ್ಟಿನ ತೋಳು ಒದಗಿತು, ಹೊರಗಿನದು.

ಅಮೆರಿಕದ ಸುಂಕದವರ ಹಳೆಯ ಕಾಗದದ ಫಾರಂ ಅನ್ನು ಓದಿದವರಿಗೆ ಅದನ್ನು ರಚಿಸಿದವರೂ ಅಜ್ಜಿಯ ಪಂಥದವರೇ ಎನಿಸದಿರದು. ಹಣ್ಣು, ತರಕಾರಿ, ಬೀಜ, ಕೀಟ, ಮಾಂಸ, ರೋಗಾಣು, ಬಸವನಹುಳು, ಮಣ್ಣು. ಏನು ನೆನಪಾಯಿತೋ ಅದನ್ನೆಲ್ಲ ಪೋಣಿಸಿದ್ದಾರೆ. ಈಗ ಅನೇಕ ಕಡೆ ಆ ಫಾರಂ ಇಲ್ಲ, ಪ್ರಶ್ನೆ ಬಾಯಲ್ಲಿ ಬರುತ್ತದೆ. ತಿನಿಸು ಇದೆಯೇ ಎಂದಾಗ ‘ಇದೆ’ ಎನ್ನುವುದೇ ಕ್ಷೇಮ, ಮುಚ್ಚಿಟ್ಟರೆ ದಂಡ. ತಾಯಿ ಪುಡಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಅಧಿಕಾರಿ ಎರಡು ಡಬ್ಬ ಮೂಸಿ, ಮೂರನೆಯದು ಇಂಗಿನದಾಗಿದ್ದರಿಂದ ಅಲ್ಲಿಗೇ ನಿಲ್ಲಿಸಿದ. ಆಮೇಲೆ ಇತ್ತೀಚೆಗೆ ದನಕರುಗಳ ಹತ್ತಿರ ಹೋಗಿದ್ದಿರಾ ಎಂದು ಕೇಳಿದ. ತಂದೆ ‘ಇಲ್ಲ’ ಎನ್ನುವಷ್ಟರಲ್ಲಿ, ಹೊರಡುವ ಹಿಂದಿನ ಸಂಜೆ ಅಜ್ಜಿ ಇಬ್ಬರು ಮಕ್ಕಳನ್ನೂ ಹಿಂದಿನ ಬೀದಿಯ ಹಾಲಿನವರ ಕೊಟ್ಟಿಗೆಗೆ ಕರೆದೊಯ್ದು ಹಸುವಿಗೆ ಬೆಲ್ಲ ತಿನ್ನಿಸಿ ಬಾಲ ಮುಟ್ಟಿಸಿ ತಂದದ್ದನ್ನು ಮಗಳು ಅಭಿನಯಸಹಿತ ನಿವೇದಿಸಿದಳು. ನಾಲ್ವರ ಚಪ್ಪಲಿಗಳನ್ನೂ ಬಿಚ್ಚಿಸಿ ಅಟ್ಟೆ ನೋಡಲಾಯಿತು ಎಂಬುದು ತಂದೆಯ ಪಾಠ. ಅಧಿಕಾರಿ ಹಸುವಿನ ಹೆಸರು ಕೇಳಿದ, ‘ಗೌರಿ’ ಎಂದು ಹೇಳಿದ ಮೇಲೆ ಬಿಟ್ಟ ಎಂಬುದು ಅಜ್ಜಿ ಫೋನಿನಲ್ಲಿ ಕೇಳಿ, ಈಗ ಬೀದಿಯಲ್ಲೆಲ್ಲ ಪ್ರಚಾರದಲ್ಲಿರುವ ಪಾಠ.