ಹತ್ತು ಜನ ಸೇರಿದ ಒನ್‌ಲೈನ್

ಗಾಂಧಿನಗರದಲ್ಲಿ ಪುಕ್ಕಟೆ ಸಿಗುವುದು ಒಂದೇ, ಸಲಹೆ. ಕಾಫಿಗೆ ಕಾಸು ಬೇಕು, ಪಾರ್ಕಿಂಗಿಗೆ ಕಾಸಿನ ಜತೆ ಪೂರ್ವಜನ್ಮದ ಪುಣ್ಯವೂ ಬೇಕು. ಆದರೆ ನಿಮ್ಮ ಜೇಬಿನಲ್ಲಿ ಕ್ರೈಂ ಥ್ರಿಲ್ಲರಿನ ಒನ್‌ಲೈನ್ ಇದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಅದನ್ನು ತಿದ್ದಿಕೊಡಲು ಹೋಟೆಲಿನ ಕ್ಯಾಷಿಯರ್ ಕೂಡ ಗಲ್ಲಾ ಬಿಟ್ಟು ಎದ್ದು ಬರುತ್ತಾನೆ.

ಎರಡೂವರೆ ಗಂಟೆಯ ಸಿನಿಮಾವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಸಾಲು ಒನ್‌ಲೈನ್. ಹಾಲಿವುಡ್‌ನವರು ಲಾಗ್‌ಲೈನ್ ಎನ್ನುತ್ತಾರೆ. ಯಾರ ಕಥೆ, ಅವನಿಗೇನು ಬೇಕು, ಅಡ್ಡ ಬರುವುದೇನು, ಸೋತರೆ ಹೋಗುವುದೇನು, ಇಷ್ಟು ಅದರಲ್ಲಿರಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಯುವ ಬರಹಗಾರನೊಬ್ಬನ ಮೊದಲ ಪ್ರತಿ ನೋಡಿ: “ನಿಗೂಢ ಕೊಲೆಯೊಂದರ ಬೆನ್ನು ಹತ್ತಿದ ಖಡಕ್ ಪೊಲೀಸ್ ಅಧಿಕಾರಿಗೆ ಊಹೆಗೂ ಮೀರಿದ ತಿರುವುಗಳು ಎದುರಾಗುತ್ತವೆ.” ಈ ಸಾಲಿಗೆ ಹೊಂದದ ಪೊಲೀಸ್ ಸಿನಿಮಾ ಯಾವುದಿದೆ ಎಂದು ಹುಡುಕುವುದೇ ನಿಜವಾದ ತನಿಖೆ.

ಅವನ ಪುಣ್ಯಕ್ಕೆ ಅದನ್ನು ಮೊದಲು ಕೇಳಿಸಿಕೊಂಡವಳು ಎಡಿಟಿಂಗ್ ಮಾಡುವ ಗೆಳತಿ. ಆಕೆ ಏನನ್ನೂ ಸೇರಿಸಲಿಲ್ಲ, ಬರೀ ಪ್ರಶ್ನೆ ಕೇಳಿದಳು. “ಹೆಣ ಇಷ್ಟು ದಿನ ಎಲ್ಲಿತ್ತು? ಈಗ್ಯಾಕೆ ಸಿಕ್ತು?” ಬರಗಾಲ, ಬತ್ತಿದ ಜಲಾಶಯ, ಅದರೊಳಗಿಂದ ಎದ್ದ ಕಾರು ಹುಟ್ಟಿದವು. “ಕೇಸು ಇವನಿಗೇ ಬಿದ್ರೆ ಇವನಿಗೇನು ಕಷ್ಟ?” ಕಾರನ್ನು ಮುಳುಗಿಸಿದವನೇ ಇವನಾದ. “ಕಾರು ಎತ್ತಿ ಸ್ಟೇಷನ್ನಿಗೆ ತಂದ ಮೇಲೆ ಮಳೆ ಬಂದ್ರೆಷ್ಟು, ಬಿಟ್ರೆಷ್ಟು? ಕೆಸರಲ್ಲಿ ಇನ್ನೂ ಏನುಳಿದಿದೆ?” ರಿವಾಲ್ವರ್ ಬಂತು. ಸಾಲು ಹೀಗಾಯಿತು:

“ಬರಕ್ಕೆ ಕನ್ನಂಬಾಡಿ ಹಿನ್ನೀರು ಇಳಿದು, ಇಪ್ಪತ್ತು ವರ್ಷದ ಹಿಂದೆ ತಾನೇ ಮುಳುಗಿಸಿದ ಕಾರು ಮೂಳೆಗಳ ಸಮೇತ ಮೇಲೆದ್ದಾಗ, ನಿವೃತ್ತಿಯ ಅಂಚಿನ ಇನ್‌ಸ್ಪೆಕ್ಟರನಿಗೇ ತನಿಖೆ ಬೀಳುತ್ತದೆ; ಕೆಸರಿನಲ್ಲಿ ಹೂತ ರಿವಾಲ್ವರ್ ಯಾರ ಕಣ್ಣಿಗೂ ಬೀಳದಂತೆ ಅವನು ಮಳೆ ಬರುವವರೆಗೆ ಕಾಲ ತಳ್ಳಬೇಕು.”

ಊರೆಲ್ಲ ಮಳೆಗಾಗಿ ಪೂಜೆ ಮಾಡುತ್ತದೆ. ಇನ್‌ಸ್ಪೆಕ್ಟರೂ ಕೈ ಮುಗಿಯುತ್ತಾನೆ, ಅವನ ಹರಕೆ ಬೇರೆ. ಇಲ್ಲಿಗೆ ಕೈತೊಳೆದುಕೊಂಡು ಚಿತ್ರಕಥೆ ಬರೆಯಲು ಕೂರಬೇಕಿತ್ತು. ಹುಡುಗ ಒನ್‌ಲೈನ್ ಹಿಡಿದು ಗಾಂಧಿನಗರಕ್ಕೆ ಹೊರಟ.

ಹೀರೋ ಕಾಲ್‌ಶೀಟ್ ಇಲ್ಲದೆ ಕಥೆ ಕೇಳುವ ನಿರ್ಮಾಪಕರಿಲ್ಲ. ಆದ್ದರಿಂದ ಮೊದಲು ಹೀರೋ ಮ್ಯಾನೇಜರ್. “ನಮ್ ಸಾರ್‌ಗೆ ನಿವೃತ್ತಿ ಅನ್ನೋ ಪದವೇ ಆಗಲ್ಲ. ವಯಸ್ಸು ಇಪ್ಪತ್ತೆಂಟು ಮಾಡಿ.”

“ಸಾರ್, ಹಾಗಾದ್ರೆ ಕಾರು ಮುಳುಗಿಸುವಾಗ ಇವನಿಗೆ ಎಂಟು ವರ್ಷ ಆಗುತ್ತೆ.”

“ಎಂಟು ವರ್ಷಕ್ಕೇ ಕಾರು ತಳ್ಳಿದಾನೆ! ಇಂಟ್ರೊಡಕ್ಷನ್ ಸೀನ್ ಸಿಕ್ತಲ್ಲ ಗುರುವೇ.”

ಲೇಔಟ್ ಮಾಡಿ ದುಡ್ಡು ಕಂಡ ನಿರ್ಮಾಪಕರಿಗೆ ಇದು ಒಪ್ಪಿಗೆಯಾಗಲಿಲ್ಲ. ವಯಸ್ಸಿನ ಲೆಕ್ಕ ತಪ್ಪಿದ್ದಕ್ಕಲ್ಲ. “ಹೀರೋನೇ ಅಪರಾಧಿ ಅಂದ್ರೆ ಫ್ಯಾನ್ಸ್ ಸುಮ್ನಿರ್ತಾರೇನಪ್ಪಾ? ಅವನ ಅಣ್ಣ ಮಾಡಿರ್ಲಿ. ಬೇಡ, ಫ್ಯಾಮಿಲಿ ಆಡಿಯನ್ಸ್ ಬೇಜಾರಾಗ್ತಾರೆ. ಅಣ್ಣನ ಫ್ರೆಂಡು.” ಅಲ್ಲಿಗೆ ಇನ್‌ಸ್ಪೆಕ್ಟರ್ ಆಕಾಶ ನೋಡಿಕೊಂಡು ಕೂರುವ ಅಗತ್ಯವೇ ತೀರಿತು.

ಆಡಿಯೊ ಹಕ್ಕು ಕೊಳ್ಳುವವರು ನೇರ ವ್ಯವಹಾರಕ್ಕೆ ಬಂದರು. ನೀರೇ ಇಲ್ಲದ ಡ್ಯಾಮಿನಲ್ಲಿ ಡ್ಯುಯೆಟ್ ಹೇಗೆ? ಫಸ್ಟ್ ಹಾಫಿನಲ್ಲೇ ಒಂದು ಮಳೆ ಹಾಡು ಬೇಕು. ಮಳೆ ಬಂದರೆ ಕಥೆಯೇ ಮುಗಿಯುತ್ತದಲ್ಲ ಎಂದರೆ, “ಕನಸಿನ ಮಳೆ ಮಾಡಿ” ಎಂದರು. ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ ಒಂದೂ ಹಾಡಿಲ್ಲದೆ ‘ತರ್ಕ’ ಮಾಡಿ ಜನರನ್ನು ಸೀಟಿನ ತುದಿಗೆ ಕೂರಿಸಿದ್ದನ್ನು ಹುಡುಗ ನೆನಪಿಸಿದ. “ಅದು ಆವಾಗ” ಎಂಬ ಉತ್ತರ ಬಂತು. ಗಾಂಧಿನಗರದಲ್ಲಿ ಎಲ್ಲ ವಾದವೂ ಈ ಎರಡು ಪದಕ್ಕೆ ಸೋಲುತ್ತದೆ.

ವಾರಾಂತ್ಯದ ವರ್ಕ್‌ಶಾಪಿನಲ್ಲಿ ತಯಾರಾದ ಸ್ಕ್ರಿಪ್ಟ್ ಡಾಕ್ಟರ್ ಒಬ್ಬರು ಬ್ಲೇಕ್ ಸ್ನೈಡರ್‌ನ ‘ಸೇವ್ ದಿ ಕ್ಯಾಟ್’ ಬಿಚ್ಚಿದರು. ಒನ್‌ಲೈನಿನಲ್ಲಿ ವಿಪರ್ಯಾಸ ಇರಲೇಬೇಕು ಎಂದು ಅದರಲ್ಲಿ ಬರೆದಿದೆಯಂತೆ. ನಿಜ, ಬರೆದಿದೆ, ‘ಡೈ ಹಾರ್ಡ್’ ಉದಾಹರಣೆಯೂ ಇದೆ. ಪುಸ್ತಕ ಬಂದದ್ದು 2005ರಲ್ಲಿ. ‘ಡೈ ಹಾರ್ಡ್’ ಜಾಡಿನ ‘ನಿಷ್ಕರ್ಷ’ವನ್ನು ಇದೇ ದೇಸಾಯಿ ಅದಕ್ಕೆ 12 ವರ್ಷ ಮೊದಲೇ ಬೆಂಗಳೂರಿನ ಮಣಿಪಾಲ್ ಸೆಂಟರಿನಲ್ಲಿ ಚಿತ್ರೀಕರಿಸಿ ಗೆದ್ದಾಗಿತ್ತು. ವಿಪರ್ಯಾಸದ ಪಾಠ ಮಾಡಿದ ಡಾಕ್ಟರು ಹುಡುಗನ ಸಾಲಿನಲ್ಲಿ ಅದಾಗಲೇ ಇದ್ದ ವಿಪರ್ಯಾಸವನ್ನು ನಿರ್ಮಾಪಕರು ಕಿತ್ತೆಸೆದದ್ದನ್ನು ಮಾತ್ರ ಗಮನಿಸಲಿಲ್ಲ.

ಉಳಿದ ಚಿಕಿತ್ಸೆ ಬೇಗ ಮುಗಿಯಿತು. 2018ರಲ್ಲಿ ‘ಕೆಜಿಎಫ್’ ಗೆದ್ದದ್ದರಿಂದ ಕಾರಿನೊಳಗೆ ಚಿನ್ನ ಬಂತು. 2022ರಲ್ಲಿ ‘ಕಾಂತಾರ’ ಗೆದ್ದದ್ದರಿಂದ ಜಲಾಶಯದ ದಂಡೆಗೆ ದೈವ ಬಂತು. ತಾಯಿ ಸೆಂಟಿಮೆಂಟ್ ಹೇಳದೆಯೇ ಬಂತು. ಕೊನೆಗೆ ಪ್ಯಾನ್ ಇಂಡಿಯಾ ತಜ್ಞರು ದನಿ ತಗ್ಗಿಸಿ ಹೇಳಿದರು: “ಕನ್ನಂಬಾಡಿ ಬೇಡ. ಕಾವೇರಿ ಅಂದ ತಕ್ಷಣ ತಮಿಳು ರೈಟ್ಸ್ ಹೋಗುತ್ತೆ. ನದಿಗೆ ಹೆಸರಿಡಬೇಡಿ. ಆದ್ರೆ ಕಥೆ ಮಣ್ಣಿನ ವಾಸನೆ ಹೊಡೀಬೇಕು.” ಹೆಸರಿಲ್ಲದ ಊರಿನ ಮಣ್ಣು ಯಾವ ವಾಸನೆ ಹೊಡೆಯುತ್ತದೋ ಅವರೇ ಬಲ್ಲರು.

ತಿದ್ದಿ ತೀಡಿದ ಅಂತಿಮ ಪ್ರತಿ ಇದು: “ಯಾವುದೋ ರಾಜ್ಯದ ಯಾವುದೋ ಜಲಾಶಯದಲ್ಲಿ ಅಣ್ಣನ ಫ್ರೆಂಡ್ ಮುಳುಗಿಸಿದ ಚಿನ್ನದ ಕಾರಿನ ಬೆನ್ನು ಹತ್ತಿ, ತಾಯಿಗೆ ಕೊಟ್ಟ ಮಾತು ಉಳಿಸಲು ಹೊರಟ ಇಪ್ಪತ್ತೆಂಟರ ಖಡಕ್ ಪೊಲೀಸ್ ಅಧಿಕಾರಿಗೆ ದೈವಕೃಪೆಯಿಂದ ಊಹೆಗೂ ಮೀರಿದ ತಿರುವುಗಳು ಎದುರಾಗುತ್ತವೆ.” ಕೊಲೆಯಾದವರು ಯಾರು ಎಂಬುದು ಮರೆತೇ ಹೋಗಿದೆ. ಯಾರೂ ಕೇಳಲೂ ಇಲ್ಲ.

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಗಾದೆ ಹಾವಿಗೆ ಮಾತ್ರ ಅನ್ವಯಿಸುತ್ತದೆ. ಒನ್‌ಲೈನ್ ಗ್ಯಾರಂಟಿ ಸಾಯುತ್ತದೆ.

ಸಾಯದೆ ಉಳಿದ ಒನ್‌ಲೈನೂ ಇದೆ. 2013ರ ‘ಲೂಸಿಯಾ’ಗೆ ಪ್ರೇಕ್ಷಕರಿಂದಲೇ ದುಡ್ಡು ಕೂಡಿಸಿದ ಪವನ್ ಕುಮಾರ್, 2016ರಲ್ಲಿ ‘ಯೂ ಟರ್ನ್’ ಮಾಡಿದರು. ಡಬಲ್ ರೋಡ್ ಮೇಲ್ಸೇತುವೆಯ ಡಿವೈಡರ್ ಕಲ್ಲು ಸರಿಸಿ ಅಡ್ಡ ತಿರುಗುವವರು ಸಾಯುತ್ತಿದ್ದಾರೆ. ಅವರ ಗಾಡಿ ನಂಬರ್ ಬರೆಸಿಟ್ಟುಕೊಂಡ ಪತ್ರಕರ್ತೆಯ ಮೇಲೇ ಪೊಲೀಸರ ಅನುಮಾನ. ಆ ಕಲ್ಲು ಸರಿಸುವ ಚಾಳಿ ಬೆಂಗಳೂರಿನವರಿಗೆಲ್ಲ ಗೊತ್ತಿದ್ದದ್ದೇ. ಪಕ್ಕಾ ಒಂದು ಊರಿನ, ಒಂದು ಸೇತುವೆಯ ಕಥೆ, ತಮಿಳು ತೆಲುಗಿಗೆಲ್ಲ ಹೋಯಿತು. ಸೇತುವೆಯ ಹೆಸರು ಹೇಳಿದ್ದಕ್ಕೆ ಯಾವ ರೈಟ್ಸೂ ಕೈತಪ್ಪಲಿಲ್ಲ.

ಸಲಹೆ ಕೇಳುವುದು ತಪ್ಪಲ್ಲ. ಗೆಳತಿಯದೂ ಸಲಹೆಯೇ. ವ್ಯತ್ಯಾಸ ಇಷ್ಟೇ: ಆಕೆಗೆ ಹುಡುಗನ ಕಥೆ ಕೇಳಬೇಕಿತ್ತು, ಉಳಿದವರಿಗೆ ಕಳೆದ ವರ್ಷ ಗೆದ್ದ ಸಿನಿಮಾದ ಕಥೆಯನ್ನು ಇವನ ಬಾಯಲ್ಲಿ ಕೇಳಬೇಕಿತ್ತು. ಆದ್ದರಿಂದ ಬರಹಗಾರರೇ, “ಯಾಕೆ” ಎಂದು ಕೇಳುವವರ ಮುಂದೆ ಕೂತು ಬೆವರಿ; “ಇದೊಂದು ಸೇರಿಸಿ” ಎನ್ನುವವರಿಗೆ ಕೈ ಮುಗಿದು ಎದ್ದುಬನ್ನಿ. ಮತ್ತು ಸಲಹೆಗಾರರೇ, ಬಡ ಹುಡುಗನ ಒನ್‌ಲೈನಿಗೆ ಏನಾದರೂ ಸೇರಿಸಲೇಬೇಕು ಎಂಬ ಚಪಲ ತಡೆಯದಿದ್ದರೆ ಒಂದು ಅಡ್ವಾನ್ಸ್ ಚೆಕ್ ಸೇರಿಸಿ. ಅದಕ್ಕೆ ಯಾವ ಬರಹಗಾರನೂ ಬೇಡ ಎಂದದ್ದಿಲ್ಲ.